ರಾಬರ್ಟ್ ಬರ್ಡ್ ಪ್ರಭಾವಕ್ಕೆ ಸೇವಾ ಹಿರಿತನ ಒಂದೇ ಕಾರಣವೇ?

ಪ್ರಶ್ನೆ

ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್ 1953ರಿಂದ ಆರು ವರ್ಷ ಅಮೆರಿಕದ ಕೆಳಮನೆಯಲ್ಲಿದ್ದರು. 1959ರ ಜನವರಿಯಿಂದ, 2010ರ ಜೂನ್ 28ರಂದು ತೀರಿಕೊಳ್ಳುವವರೆಗೆ ಸೆನೆಟರ್ ಆಗಿದ್ದರು. ಕಾಂಗ್ರೆಸ್ಸಿನಲ್ಲಿ ಇಷ್ಟು ದೀರ್ಘಕಾಲ ಇದ್ದವರು ಬೇರೆ ಯಾರೂ ಇಲ್ಲ ಎಂದು ಓದಿದೆ. ಕೊನೆಯಲ್ಲಿ ಅವರು ‘ಪ್ರೆಸಿಡೆಂಟ್ ಪ್ರೊ ಟೆಂಪೊರೆ’, ಅಂದರೆ ಉಪಾಧ್ಯಕ್ಷರಿಲ್ಲದಾಗ ಸೆನೆಟ್‌ನ ಪೀಠದಲ್ಲಿ ಕೂರಬೇಕಾದವರು, ಅಧ್ಯಕ್ಷ ಪದವಿಯ ಉತ್ತರಾಧಿಕಾರದ ಸಾಲಿನಲ್ಲಿ ಮೂರನೆಯವರು. ಅವರ ಬಲವೆಲ್ಲ ಈ ಹುದ್ದೆಯದ್ದೇ? ಬಜೆಟ್ ಸುದ್ದಿಯಲ್ಲಿ ಪದೇ ಪದೇ ಬರುವ ‘ಬರ್ಡ್ ರೂಲ್’ ಕೂಡ ಇವರದ್ದೇನಾ? ಅದು ಕೆಲಸ ಮಾಡುವುದು ಹೇಗೆ?

ಉತ್ತರ 1

ಆ ಹುದ್ದೆ ಬಹುಮಟ್ಟಿಗೆ ಗೌರವದ್ದು. ಬಹುಮತವಿರುವ ಪಕ್ಷದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಸೆನೆಟರ್ ಆಗಿರುವವರಿಗೆ ವಾಡಿಕೆಯಂತೆ ಸಿಗುತ್ತದೆ, ಬಹುಮತ ಹೋದರೆ ಅದೂ ಹೋಗುತ್ತದೆ. ದಿನನಿತ್ಯ ಪೀಠದಲ್ಲಿ ಕೂರುವ ಕೆಲಸ ಹೆಚ್ಚಾಗಿ ಹೊಸ ಸೆನೆಟರ್‌ಗಳಿಗೇ ಬೀಳುತ್ತದೆ.

ಬರ್ಡ್ ಬಲ ಇದ್ದದ್ದು ನಿಯಮಗಳ ಮೇಲಿನ ಹಿಡಿತದಲ್ಲಿ. 1971ರಲ್ಲಿ ಎಡ್ವರ್ಡ್ ಕೆನಡಿಯವರನ್ನು 31–24ರಿಂದ ಸೋಲಿಸಿ ಡೆಮಾಕ್ರಟಿಕ್ ವಿಪ್ ಆದರು, 1977ರಲ್ಲಿ ಬಹುಮತ ಪಕ್ಷದ ನಾಯಕರಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಗಮನಿಸಿ. ನೈಸರ್ಗಿಕ ಅನಿಲದ ಮಸೂದೆಯ ಚರ್ಚೆಗೆ ಮಿತಿ ಹಾಕಿಯಾಗಿತ್ತು. ಆದರೂ ಇಬ್ಬರು ಸೆನೆಟರ್‌ಗಳು ರಾಶಿ ರಾಶಿ ತಿದ್ದುಪಡಿ ತಂದು ಕಲಾಪ ಎಳೆಯುತ್ತಿದ್ದರು. ಮೊದಲು ಮಾತಿಗೆ ಅವಕಾಶ ಸಿಗುವುದು ಬಹುಮತ ಪಕ್ಷದ ನಾಯಕನಿಗೆ. ಬರ್ಡ್ ಎದ್ದು ನಿಂತು ಆ ತಿದ್ದುಪಡಿಗಳನ್ನು ತಾವೇ ಒಂದೊಂದಾಗಿ ಕೈಗೆತ್ತಿಕೊಂಡರು. ಪೀಠದಲ್ಲಿದ್ದ ಉಪಾಧ್ಯಕ್ಷ ಮಾಂಡೇಲ್ ಮೊದಲೇ ಸಿದ್ಧಪಡಿಸಿದ್ದ ಹಾಳೆ ನೋಡಿಕೊಂಡು ಅವೆಲ್ಲ ಕ್ರಮಬದ್ಧವಲ್ಲ ಎಂದು ರೂಲಿಂಗ್ ಕೊಡುತ್ತ ಹೋದರು. ಉಳಿದವರು ಮೇಲ್ಮನವಿಗೆ ಎಷ್ಟು ಕೂಗಿದರೂ ಮಾತಾಡಲು ಅವಕಾಶ ಸಿಗಲಿಲ್ಲ. ಸೆನೆಟ್‌ನಲ್ಲಿ ಇದು ದೊಡ್ಡ ಸಿಟ್ಟಿಗೆ ಕಾರಣವಾಯಿತು. ಆ ಸಿಟ್ಟು ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಹಣ. 1989ರಲ್ಲಿ ನಾಯಕತ್ವವನ್ನು ತಾವಾಗಿಯೇ ಬಿಟ್ಟು, ಸರ್ಕಾರಿ ಖರ್ಚಿಗೆ ಮಂಜೂರಾತಿ ಕೊಡುವ ಅಪ್ರೊಪ್ರಿಯೇಷನ್ಸ್ ಸಮಿತಿಯ ಅಧ್ಯಕ್ಷರಾದರು. ಎಫ್‌ಬಿಐನ ಬೆರಳಚ್ಚು ಕೇಂದ್ರ ವಾಷಿಂಗ್ಟನ್‌ನಿಂದ ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಬಂದದ್ದು ಆ ಕುರ್ಚಿಯ ಬಲದಿಂದ.

ಉತ್ತರ 2

ಬರ್ಡ್ ರೂಲ್ ಅವರದ್ದೇ. 1985ರಲ್ಲಿ ಬಂತು, 1990ರಲ್ಲಿ ಕಾಯಂ ಆಯಿತು.

ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಲು ಸೆನೆಟ್‌ನಲ್ಲಿ 60 ಮತ ಬೇಕು. ‘ರೀಕನ್ಸಿಲಿಯೇಷನ್’ ಎಂಬ ಬಜೆಟ್ ಮಸೂದೆಗೆ ಮಾತ್ರ ಚರ್ಚೆ 20 ಗಂಟೆಗೆ ಸೀಮಿತ, ಸರಳ ಬಹುಮತ ಸಾಕು. ಹಾಗಾಗಿ ಬಜೆಟ್ಟಿಗೆ ಸಂಬಂಧವೇ ಇಲ್ಲದ್ದನ್ನೂ ಅದರೊಳಗೆ ತುರುಕುವ ಚಾಳಿ ಶುರುವಾಯಿತು. ಅದನ್ನು ತಡೆಯಲು ಈ ನಿಯಮ. ಒಂದು ಅಂಶದಿಂದ ಆದಾಯ-ವೆಚ್ಚ ಬದಲಾಗದಿದ್ದರೆ, ಬದಲಾದರೂ ಅದು ಮುಖ್ಯ ಉದ್ದೇಶದ ಜೊತೆಗೆ ಬರುವ ಗೌಣ ಪರಿಣಾಮವಷ್ಟೇ ಆಗಿದ್ದರೆ, ಬಜೆಟ್ ಅವಧಿಯ ಆಚೆಗೆ ಕೊರತೆ ಹೆಚ್ಚಿಸಿದರೆ, ಸೋಷಿಯಲ್ ಸೆಕ್ಯೂರಿಟಿ ಎಂಬ ಸರ್ಕಾರಿ ಪಿಂಚಣಿ ಯೋಜನೆಯನ್ನು ಮುಟ್ಟಿದರೆ ಅದನ್ನು ತೆಗೆಸಬಹುದು. ಇನ್ನೆರಡು ಷರತ್ತುಗಳು ಸಮಿತಿಗಳ ವ್ಯಾಪ್ತಿ ಮತ್ತು ಅವುಗಳಿಗೆ ಕೊಟ್ಟ ಸೂಚನೆಗೆ ಸೇರಿದವು.

ನಿಯಮ ತಾನಾಗಿ ಜಾರಿಯಾಗುವುದಿಲ್ಲ. ಯಾರಾದರೊಬ್ಬ ಸೆನೆಟರ್ ಕ್ರಿಯಾಲೋಪ, ಅಂದರೆ ಇದು ನಿಯಮಕ್ಕೆ ವಿರುದ್ಧ ಎಂಬ ಆಕ್ಷೇಪ, ಎತ್ತಬೇಕು. ಪೀಠ ಅದನ್ನು ಎತ್ತಿಹಿಡಿದರೆ ಆ ಅಂಶ ಮಾತ್ರ ಬೀಳುತ್ತದೆ, ಇಡೀ ಮಸೂದೆಯಲ್ಲ. ಹಲವರು ತಪ್ಪು ತಿಳಿಯುವುದು ಇಲ್ಲೇ. ಉಳಿಸಿಕೊಳ್ಳಲು 60 ಮತ ಬೇಕು. 2017ರ ತೆರಿಗೆ ಮಸೂದೆಯಲ್ಲಿ ಹೀಗೆ ಬಿದ್ದವುಗಳಲ್ಲಿ ಮಸೂದೆಯ ಹೆಸರೂ ಒಂದು! ಹೆಸರಿನಿಂದ ಒಂದು ಡಾಲರೂ ಹೆಚ್ಚುಕಡಿಮೆ ಆಗುವುದಿಲ್ಲವಲ್ಲ. ಪಠ್ಯ ಬದಲಾದ್ದರಿಂದ ಕೆಳಮನೆ ಮತ್ತೊಮ್ಮೆ ಮತ ಹಾಕಬೇಕಾಯಿತು.

ಮರುಪ್ರಶ್ನೆ

ಒಂದು ಅಂಶ ನಿಯಮಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು?

ಉತ್ತರ 2

ಸಲಹೆ ಕೊಡುವವರು ಪಾರ್ಲಿಮೆಂಟೇರಿಯನ್ ಎಂಬ ಪಕ್ಷಾತೀತ ಅಧಿಕಾರಿ, ರೂಲಿಂಗ್ ಕೊಡುವುದು ಪೀಠ. ಎರಡೂ ಪಕ್ಷಗಳ ಸಿಬ್ಬಂದಿ ಮೊದಲೇ ಆ ಅಧಿಕಾರಿಯ ಮುಂದೆ ಕೂತು ಸಾಲುಸಾಲಾಗಿ ವಾದಿಸುತ್ತಾರೆ. ಇದಕ್ಕೆ ‘ಬರ್ಡ್ ಬಾತ್’ ಎಂದೇ ಹೆಸರು. 2021ರಲ್ಲಿ ಗಂಟೆಗೆ 15 ಡಾಲರ್ ಕನಿಷ್ಠ ವೇತನ ಸಿಕ್ಕಿಬಿದ್ದದ್ದು ಇಲ್ಲೇ. ಆಮೇಲೆ ಸದನದಲ್ಲಿ ನಿಯಮ ಸಡಿಲಿಸಲು ನಡೆದ ಯತ್ನಕ್ಕೆ ಸಿಕ್ಕಿದ್ದು 42 ಮತ.

ಉತ್ತರ 3

ಬರ್ಡ್ ಬಗ್ಗೆ ಬರೆಯುವುದಾದರೆ 1964ನ್ನು ಬಿಡಬೇಡಿ. 1940ರ ದಶಕದಲ್ಲಿ ಕಪ್ಪು ಜನರ ಮೇಲಿನ ಹಿಂಸೆಗೆ ಕುಖ್ಯಾತವಾದ ಬಿಳಿಯರ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಸದಸ್ಯರಾಗಿದ್ದವರು ಇವರು. ನಾಗರಿಕ ಹಕ್ಕುಗಳ ಮಸೂದೆ ತಡೆಯಲು ಜೂನ್ 9ರ ಸಂಜೆ ಮಾತು ಶುರುಮಾಡಿ ಮರುದಿನ ಬೆಳಗ್ಗೆವರೆಗೆ 14 ಗಂಟೆ 13 ನಿಮಿಷ ನಿಂತೇ ಮಾತಾಡಿದರು. ಅವರು ಕೂತ ಮೇಲೆ, ಅದೇ ದಿನ, 71–29 ಮತಗಳಿಂದ ಚರ್ಚೆ ಮುಗಿಸಲಾಯಿತು. ಆಗ ಬೇಕಿದ್ದದ್ದು 67. ಮುಂದೆ ಎರಡನ್ನೂ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ನಿಯಮಗಳ ಪಾಂಡಿತ್ಯವನ್ನು ಹೊಗಳುವಾಗ ಅದೇ ಪಾಂಡಿತ್ಯ ಆ ರಾತ್ರಿ ಯಾರ ವಿರುದ್ಧ ಬಳಕೆಯಾಯಿತು ಎಂಬುದನ್ನೂ ಬರೆಯಲೇಬೇಕು.

ಪ್ರಶ್ನೆಯಲ್ಲೊಂದು ತಿದ್ದುಪಡಿ: ಎರಡೂ ಮನೆ ಸೇರಿಸಿದರೆ ಈಗ ದಾಖಲೆ ಮಿಷಿಗನ್‌ನ ಜಾನ್ ಡಿಂಗೆಲ್ ಅವರದ್ದು. 2013ರ ಜೂನ್ 7ರಂದು ಬರ್ಡ್ ಅವರನ್ನು ದಾಟಿದರು. ಸೆನೆಟ್ ಒಂದನ್ನೇ ಲೆಕ್ಕ ಹಿಡಿದರೆ 51 ವರ್ಷ 5 ತಿಂಗಳು ಮೀರಿದ ದಾಖಲೆ ಬರ್ಡ್ ಹೆಸರಲ್ಲೇ ಇದೆ.