ಕರ್ನಲ್ ಥ್ರೆಡ್, ಲಾಕ್ ಸರಳ ಮಾಡಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮ ಲಿನಕ್ಸ್ ಡ್ರೈವರ್‌ನಲ್ಲಿ ನಾಲ್ಕು ಕೆಥ್ರೆಡ್ (ಕರ್ನಲ್ ಒಳಗೇ ಓಡುವ ಥ್ರೆಡ್), ಒಂದು ಸ್ಪಿನ್‌ಲಾಕ್ (ಸಿಗುವವರೆಗೆ ಮಲಗದೆ ಸುತ್ತುತ್ತಾ ಕಾಯುವ ಲಾಕ್), ಎರಡು ಮ್ಯೂಟೆಕ್ಸ್ (ಕಾಯುವವರು ಮಲಗುವ ಲಾಕ್) ಇವೆ. ಮಾಡ್ಯೂಲ್ (ಓಡುವ ಕರ್ನಲ್‌ಗೆ ಸೇರಿಸಿ ತೆಗೆಯಬಹುದಾದ ಕೋಡು) ತೆಗೆಯುವಾಗ ಆಗಾಗ ಹ್ಯಾಂಗ್ ಆಗುತ್ತೆ. ಯಾವುದನ್ನು ಮೊದಲು ಕಳಚಲಿ?

ವರ್ಕ್‌ಕ್ಯೂ ವಾದಿ: ಥ್ರೆಡ್‌ಗಳನ್ನೇ ಕಿತ್ತುಹಾಕಿ. ನಮ್ಮಲ್ಲಿ ಮೂರು ಕೆಥ್ರೆಡ್ ಹೋಗಿ ಒಂದು ಆರ್ಡರ್ಡ್ ವರ್ಕ್‌ಕ್ಯೂ (ಕೆಲಸಗಳನ್ನು ಸಾಲಿಗೆ ಹಾಕಿ ಕರ್ನಲ್‌ನ ಥ್ರೆಡ್‌ಗಳಿಂದ ಮಾಡಿಸುವ ವ್ಯವಸ್ಥೆ) ಬಂತು. ಒಂದು ಸಲಕ್ಕೆ ಒಂದೇ ಕೆಲಸ, ಹಾಕಿದ ಕ್ರಮದಲ್ಲೇ. ಆ ಕೆಲಸಗಳಷ್ಟೇ ಮುಟ್ಟುವ ಡೇಟಾಗೆ ಲಾಕೇ ಬೇಡ. ತೊಂದರೆ ಬಂದಿದ್ದು ರಿಮೂವ್‌ನಲ್ಲಿ (ಡ್ರೈವರ್ ತೆಗೆಯುವಾಗ ಓಡುವ ಫಂಕ್ಷನ್): ಹಳೇ ಕೋಡು ಮ್ಯೂಟೆಕ್ಸ್ ಹಿಡಿದೇ ಕ್ಯಾನ್ಸಲ್_ವರ್ಕ್_ಸಿಂಕ್ (ಕೆಲಸ ರದ್ದು ಮಾಡಿ, ಓಡುತ್ತಿದ್ದರೆ ಮುಗಿಯುವವರೆಗೆ ಕಾಯುತ್ತೆ) ಕರೆಯುತ್ತಿತ್ತು, ವರ್ಕ್ ಫಂಕ್ಷನ್‌ಗೂ ಅದೇ ಮ್ಯೂಟೆಕ್ಸ್ ಬೇಕು. 120 ಸೆಕೆಂಡ್ ಕಳೆದರೆ ಹಂಗ್ ಟಾಸ್ಕ್ (ಸಿಕ್ಕಿಕೊಂಡ ಥ್ರೆಡ್) ಎಚ್ಚರಿಕೆ. ಮೊದಲು ಇಂಟರಪ್ಟ್ (ಸಾಧನ ಕರ್ನಲ್‌ಗೆ ಕೊಡುವ ಕರೆ) ಮುಚ್ಚಿ, ಇಲ್ಲದಿದ್ದರೆ ಅದು ಮತ್ತೆ ಕ್ಯೂಗೆ ತುಂಬುತ್ತೆ. ಆಮೇಲೆ ಲಾಕ್ ಹಿಡಿಯದೆ ಕ್ಯಾನ್ಸಲ್ ಮಾಡಿ. 2010ರಲ್ಲಿ ಲಿನಕ್ಸ್ 2.6.36ಕ್ಕೆ ಹೊಸ ವರ್ಕ್‌ಕ್ಯೂ ಬಂದ ಮೇಲೂ ಕೆಲಸಕ್ಕೊಂದು ಥ್ರೆಡ್ ಹುಟ್ಟಿಸೋದು ಬರೀ ಚಟ.

ಕೆಥ್ರೆಡ್ ಕಟ್ಟಾಳು: ಚಟ ಅಂತೆ! ರಿಯಲ್‌ಟೈಮ್ ಆದ್ಯತೆ ಬೇಕಾದವರು ಏನು ಮಾಡಬೇಕು? ಥ್ರೆಡ್ ಇಟ್ಟುಕೊಂಡೇ ಸರಳ ಮಾಡಿದ್ದೇವೆ. ಕೆಥ್ರೆಡ್_ರನ್ (ಥ್ರೆಡ್ ಹುಟ್ಟಿಸುವ ಕರೆ) ಸೋತರೆ ನಲ್ ಬರಲ್ಲ, ಎರರ್ ಪಾಯಿಂಟರ್ ಬರುತ್ತೆ, ಈಸ್_ಎರ್‌ನಿಂದ ನೋಡಬೇಕು. ಥ್ರೆಡ್ ತಾನಾಗಿ ಮುಗಿದ ಮೇಲೆ ಕೆಥ್ರೆಡ್_ಸ್ಟಾಪ್ ಕರೆದರೆ ಟಾಸ್ಕ್_ಸ್ಟ್ರಕ್ಟ್ (ಥ್ರೆಡ್‌ನ ಕರ್ನಲ್ ದಾಖಲೆ) ಆಗಲೇ ಫ್ರೀ ಆಗಿರಬಹುದು. ಆದ್ದರಿಂದ ಲೂಪಿನಿಂದ ಹೊರಗೆ ಬರುವ ದಾರಿ ಕೆಥ್ರೆಡ್_ಶುಡ್_ಸ್ಟಾಪ್ (ನಿಲ್ಲು ಅಂದಿದ್ದಾರಾ ಅಂತ ನೋಡುವ ಕರೆ) ಒಂದೇ. ಮಲಗುವಾಗ ಮೊದಲು ಸೆಟ್_ಕರೆಂಟ್_ಸ್ಟೇಟ್ (ಮಲಗುತ್ತೇನೆ ಅನ್ನೋ ಗುರುತು), ಆಮೇಲೆ ಕಂಡೀಷನ್ ನೋಡೋದು, ಕೊನೆಗೆ ಶೆಡ್ಯೂಲ್ (ಸಿಪಿಯು ಬಿಟ್ಟುಕೊಡೋದು). ಹಿಂದುಮುಂದಾದರೆ ನಡುವೆ ಬಂದ ವೇಕಪ್ ಕಳೆದುಹೋಗುತ್ತೆ.

ವರ್ಕ್‌ಕ್ಯೂ ವಾದಿ: ವೇಟ್_ಇವೆಂಟ್ (ಕಂಡೀಷನ್ ನಿಜವಾಗುವವರೆಗೆ ಮಲಗಿಸುವ ಮ್ಯಾಕ್ರೊ) ಬರೆದಿದ್ದರೆ ಆ ಸರ್ಕಸ್ಸೇ ಬೇಡ. ಇದಕ್ಕಾ ನೀವು ಸರಳ ಅನ್ನೋದು?

ಕೆಥ್ರೆಡ್ ಕಟ್ಟಾಳು: ವೇಟ್_ಇವೆಂಟ್ ಕಂಡೀಷನ್‌ನಲ್ಲಿ ಕೆಥ್ರೆಡ್_ಶುಡ್_ಸ್ಟಾಪ್ ಸೇರಿಸದೆ ಇದ್ದರೆ ಸ್ಟಾಪ್ ಎಬ್ಬಿಸಿದರೂ ಅದು ಮತ್ತೆ ಮಲಗುತ್ತೆ, ರಿಮೂವ್ ಅಲ್ಲೇ ಕೂರುತ್ತೆ. ಹೇಳುವಾಗ ಪೂರ್ತಿ ಹೇಳಿ.

ಲಾಕ್‌ಡೆಪ್ ಭಕ್ತ: ಇಬ್ಬರೂ ಲಾಕ್ ವಿಷಯ ನುಂಗಿಬಿಟ್ಟಿರಿ. ಲಿನಕ್ಸ್ 6.5ರಿಂದ ಗಾರ್ಡ್(ಮ್ಯೂಟೆಕ್ಸ್) ಇದೆ, ಸ್ಕೋಪ್ ಮುಗಿದಾಗ ಲಾಕನ್ನು ತಾನೇ ಬಿಡುತ್ತೆ. ಅನ್‌ಲಾಕ್‌ಗೆ ಇದ್ದ ಗೋಟೂಗಳನ್ನೆಲ್ಲ ತೆಗೆದೆವು. ಅರ್ಧ ಗೋಟೂ, ಅರ್ಧ ಗಾರ್ಡ್ ಮಾತ್ರ ಬೇಡ: ಗಾರ್ಡ್ ಸಾಲನ್ನು ಹಾರಿ ಹೋಗುವ ಗೋಟೂ ಇದ್ದರೆ ಕ್ಲ್ಯಾಂಗ್ ಕಂಪೈಲರ್ ಎರರ್ ಕೊಡುತ್ತೆ, ಜಿಸಿಸಿ ಕಂಪೈಲರ್ ತೆಪ್ಪಗೆ ಬಿಡುತ್ತೆ, ಕೊನೆಗೆ ಹಿಡಿಯದ ಲಾಕಿಗೆ ಅನ್‌ಲಾಕ್. ಸ್ಪಿನ್‌ಲಾಕ್ ಆದರೆ ಸ್ಕೋಪ್ಡ್_ಗಾರ್ಡ್ (ಕೊಟ್ಟ ಬ್ಲಾಕ್ ಮುಗಿದರೆ ಲಾಕ್ ಬಿಡುತ್ತೆ). ಇಲ್ಲದಿದ್ದರೆ ಫಂಕ್ಷನ್ ಕೊನೆಯ ಕಾಪಿ_ಟು_ಯೂಸರ್ (ಯೂಸರ್ ಮೆಮೊರಿಗೆ ಬರೆಯುವ, ಮಲಗಬಹುದಾದ ಕರೆ) ಕೂಡ ಲಾಕ್ ಒಳಗೇ ಸೇರುತ್ತೆ. ಪ್ರೂವ್_ಲಾಕಿಂಗ್ (ಲಾಕ್ ತಪ್ಪು ಹಿಡಿಯುವ ಲಾಕ್‌ಡೆಪ್‌ನ ಆಯ್ಕೆ) ಹಾಕಿ ಓಡಿಸಿ. ಅದು ಮೊದಲ ದೂರು ಬರೆದು ತಾನೇ ಆಫ್ ಆಗುತ್ತೆ, ಸರಿಪಡಿಸಿ ರೀಬೂಟ್ ಮಾಡದೆ ಎರಡನೆಯದು ಕಾಣಲ್ಲ.

ಎಕ್ಸ್‌ವಿ6 ಮೇಷ್ಟ್ರು: ಲಾಕ್ ಎಣಿಕೆ ಇಳಿಸೋದೇ ಸರಳ ಅನ್ನೋರು ಬಿಗ್ ಕರ್ನಲ್ ಲಾಕ್ (ಇಡೀ ಕರ್ನಲ್‌ಗೆ ಒಂದೇ ಲಾಕ್) ಚರಿತ್ರೆ ಓದಿ. 1996ರ ಲಿನಕ್ಸ್ 2.0ರಲ್ಲಿ ಬಂದಿದ್ದು 2011ರ 2.6.39ಕ್ಕೆ ತೊಲಗಿತು. ಹಿಡಿದವನು ಮಲಗಿದರೆ ತಾನೇ ಬಿಟ್ಟುಕೊಂಡು, ಎದ್ದಾಗ ಮತ್ತೆ ಹಿಡಿಯುತ್ತಿತ್ತು. ಅದು ಯಾವ ಡೇಟಾವನ್ನು ರಕ್ಷಿಸುತ್ತೆ ಅಂತ ಹೇಳೋದೇ ಕಷ್ಟ. ಎಕ್ಸ್‌ವಿ6ನಲ್ಲಿ (ಪಾಠಕ್ಕೆ ಬರೆದ ಪುಟ್ಟ ಓಎಸ್) ಶೆಡ್ಯೂಲರ್ ಹಿಡಿದ ಪ್ರೊಸೆಸ್ ಲಾಕನ್ನು ಹೊಸ ಪ್ರೊಸೆಸ್ ಫೋರ್ಕ್‌ರೆಟ್‌ನಲ್ಲಿ (ಅದು ಮೊದಲು ಓಡಿಸುವ ಫಂಕ್ಷನ್) ಬಿಡುತ್ತೆ. ಆ ಒಂದು ಸಾಲು ತೆಗೆದು ನೋಡಿ, ಹಿಡಿದ ಲಾಕನ್ನೇ ಮತ್ತೆ ಹಿಡಿಯಲು ಹೋಗಿ ‘ಅಕ್ವೈರ್’ ಅಂತ ಪ್ಯಾನಿಕ್ (ಕರ್ನಲ್ ಅಲ್ಲೇ ನಿಲ್ಲುತ್ತೆ).

ಕೆಥ್ರೆಡ್ ಕಟ್ಟಾಳು: ಮೇಷ್ಟ್ರೇ, ಅವರದ್ದು ಮಾಡ್ಯೂಲ್. ಎಕ್ಸ್‌ವಿ6ನಲ್ಲಿ ಮಾಡ್ಯೂಲೇ ಇಲ್ಲ.

ಎಕ್ಸ್‌ವಿ6 ಮೇಷ್ಟ್ರು: ಅದಕ್ಕೇ ರಿಮೂವ್‌ನಲ್ಲಿ ಹ್ಯಾಂಗೂ ಆಗಲ್ಲ!