ಸಹಾಯ ಬೇಕು: ಸೀರೆ ತಲುಪಿದೆ, ದುಡ್ಡು ವಾಪಸ್ ಹೋಗಿದೆ

ಮಲ್ಪೆಯ ಮನೆಯಿಂದಲೇ ಉಡುಪಿ ಕೈಮಗ್ಗದ ಸೀರೆ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಕಳೆದ ತಿಂಗಳು ಪುಣೆಗೆ ಕಳಿಸಿದ 2,850 ರೂಪಾಯಿಯ ಸೀರೆ "ತಲುಪಿಲ್ಲ" ಅಂತ ಗ್ರಾಹಕರು ತಮ್ಮ ಕಾರ್ಡಿನ ಬ್ಯಾಂಕಿಗೆ ದೂರು ಕೊಟ್ಟು ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕೊಟ್ಟ ಹಣವನ್ನು ಬ್ಯಾಂಕ್ ಮೂಲಕ ವಾಪಸ್ ಕೇಳುವುದು) ಹಾಕಿದ್ದಾರೆ, ನನಗೆ ಬರಬೇಕಿದ್ದ ಈ ವಾರದ ಹಣದಲ್ಲಿ ಅಷ್ಟೂ ಕಡಿತ. ಟ್ರ್ಯಾಕಿಂಗ್‌ನಲ್ಲಿ ಡೆಲಿವರಿ ಆಗಿದೆ ಅಂತಲೇ ಇದೆ. "ಬಣ್ಣ ಚೆನ್ನಾಗಿದೆ, ಸೆರಗು ಸ್ವಲ್ಪ ಗಿಡ್ಡ" ಅಂತ ಅವರೇ ವಾಟ್ಸಾಪ್ ಮಾಡಿದ್ದೂ ಇದೆ! ತಲುಪದ ಸೀರೆಯ ಸೆರಗು ಅಳೆದದ್ದು ಹೇಗೋ.

ಬಿಲ್, ಟ್ರ್ಯಾಕಿಂಗ್, ಚಾಟಿನ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಶುಕ್ರವಾರದೊಳಗೆ ಉತ್ತರ ಕೊಡಬೇಕು, ಸುಮ್ನೆ ಕೂತರೆ ಕೇಸ್ ಅವರ ಕಡೆಗೇ ಮುಗಿಯುತ್ತದೆ. ಸಹಿ ಇರುವ ಡೆಲಿವರಿ ಪ್ರೂಫ್ ಕೊರಿಯರ್‌ನವರ ಹತ್ತಿರ ಹೇಗೆ ಕೇಳುವುದು? ವಾಟ್ಸಾಪ್ ಚಾಟನ್ನು ಬ್ಯಾಂಕಿನವರು ಸಾಕ್ಷಿ ಅಂತ ಒಪ್ಪುತ್ತಾರಾ? ಇಂಥದ್ದರಲ್ಲಿ ಗೆದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ ಮಾರಾಯ್ರೇ.