ಏಟೋ, ಲೂಟೋ?

ಕತ್ತಿವರಸೆ: ರಾಕ್ಷಸರನ್ನು ಹೊಡೆದು ಕೆಡವುವ ಕಂಪ್ಯೂಟರ್ ಆಟ ನೆನಪಲ್ಲಿ ಉಳಿಯುವುದು ಏಟಿನಿಂದಲೋ, ಲೂಟ್‌ನಿಂದಲೋ, ಅಂದರೆ ಸತ್ತ ರಾಕ್ಷಸರಿಂದ ಬೀಳುವ ಆಯುಧ, ಉಂಗುರಗಳಿಂದಲೋ? ಅಂಥ ಆಟವಾದ ಡಯಾಬ್ಲೊ 3 ನೂರಾರು ಗಂಟೆ ಆಡಿದ್ದೇನೆ, ಅದರ ಒಂದು ಕೋಣೆಯೂ ನೆನಪಿಲ್ಲ. ಮೊದಲ ಡಯಾಬ್ಲೊದಲ್ಲಿ ಚರ್ಚಿನ ಕೆಳಗಿರುವ ಎರಡನೇ ಅಂತಸ್ತು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಪ್ರಕಾರ ವ್ಯತ್ಯಾಸ ಇರುವುದು ಏಟಿನಲ್ಲಿ. ಆ ಆಟ ಮೊದಲು ಸರದಿ ಪ್ರಕಾರ ಆಡುವಂಥದ್ದಾಗಿತ್ತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಡೇವಿಡ್ ಬ್ರೆವಿಕ್ ಒಂದು ಮಧ್ಯಾಹ್ನ ಕೂತು ಅದನ್ನು ರಿಯಲ್ ಟೈಮ್, ಅಂದರೆ ಸರದಿಗೆ ಕಾಯದೆ ಆಡುವ ಹಾಗೆ, ಮಾಡಿದರು. ಅಸ್ಥಿಪಂಜರದ ಮೇಲೆ ಕ್ಲಿಕ್ ಮಾಡಿದ ತಕ್ಷಣ ಯೋಧ ನಡೆದು ಹೋಗಿ ಬಡಿದ, ಅದು ಕುಸಿದು ಬಿತ್ತು. ಈ ಜಾತಿಯ ಆಟಗಳು ಹುಟ್ಟಿದ್ದೇ ಆ ಕ್ಲಿಕ್‌ನಲ್ಲಿ. ಲೂಟ್ ಏನಿದ್ದರೂ ಆಮೇಲಿನ ಮಾತು.

ಗವಿಯೊಳಗೆ: ಒಪ್ಪಲ್ಲ. ಏಟಿನ ವಿಷಯಕ್ಕೆ ಬಂದರೆ ಡಯಾಬ್ಲೊ 3ನ್ನು ಮೀರಿಸುವುದು ಕಷ್ಟ. ಅದರ ಬಾರ್ಬೇರಿಯನ್ ಯೋಧ ಆಯುಧ ಬೀಸಿದರೆ ಹೆಣ ಹಾರಿ ಹೋಗುತ್ತೆ. ಆದರೂ ಅದನ್ನೇ ನೀವು ಮರೆತಿದ್ದೀರಿ! 2000ದ ಡಯಾಬ್ಲೊ 2 ನೋಡಿ: ಉಂಗುರ ನೆಲಕ್ಕೆ ಬಿದ್ದಾಗ ಟಿಣ್ ಅನ್ನುವ ಸದ್ದು. ಚಿನ್ನಕ್ಕೆ ಬೆಲೆ ಇಲ್ಲದೆ ಹೋಗಿ ‘ಸ್ಟೋನ್ ಆಫ್ ಜೋರ್ಡಾನ್’ ಉಂಗುರವೇ ಆಟಗಾರರ ನಡುವೆ ನಾಣ್ಯವಾಗಿತ್ತು.

ಕತ್ತಿವರಸೆ: ಹಾಗಾದರೆ ಡಯಾಬ್ಲೊ 3ರಲ್ಲಿ 2012ರಲ್ಲಿ ತಂದ, ಆಟಗಾರರು ಲೂಟ್ ಮಾರಿ ಕೊಳ್ಳುವ ಹರಾಜು ಕಟ್ಟೆಯನ್ನು 2014ರ ಮಾರ್ಚ್‌ನಲ್ಲಿ ಯಾಕೆ ಮುಚ್ಚಿದರು? ಬೇಕಾದ್ದೆಲ್ಲ ದುಡ್ಡು ಕೊಟ್ಟರೆ ಸಿಗುತ್ತಿತ್ತಲ್ಲ?

ಗವಿಯೊಳಗೆ: ಅದಕ್ಕೇ ಮುಚ್ಚಿದ್ದು. ಸಂತೆಯಲ್ಲಿ ಕೊಂಡದ್ದಕ್ಕೂ ನಾನೇ ಹೊಡೆದು ಕೆಡವಿ ಎತ್ತಿಕೊಂಡದ್ದಕ್ಕೂ ಫರಕ್ಕಿದೆ.

ದೀಪದಬುಡ: ಹೇಡಿಸ್ ಅನ್ನುವ ಆಟ ಆಡಿದವರು ಯಾರೂ ಇಲ್ಲವೇ? ಅಲ್ಲಿ ಗ್ರೀಕ್ ದೇವತೆಗಳು ಕೊಟ್ಟ ವರಗಳೆಲ್ಲ ಸತ್ತ ಕೂಡಲೇ ಹೋಗುತ್ತವೆ. ಆಯುಧ ಆರೇ ಆರು. ಆದರೂ ಝೂಸ್‌ನ ಮಿಂಚು ಸಿಕ್ಕಿದ ಸಲ ಆಡುವ ರೀತಿಯೇ ಬೇರೆ, ಪೊಸೈಡನ್‌ನ ಅಲೆ ಸಿಕ್ಕಿದರೆ ಎಲ್ಲರನ್ನೂ ಗೋಡೆಗೆ ತಳ್ಳುವುದೇ ಕೆಲಸ. ಸಿಕ್ಕ ವಸ್ತು ನನ್ನ ಕೈಯ ಅಭ್ಯಾಸ ಬದಲಿಸಬೇಕು. ಹಾನಿ ಶೇ. 3 ಹೆಚ್ಚು ಅಂತ ಹಸಿರು ಬಾಣ ತೋರಿಸುವ ಕೈಗವಸು ಯಾರಿಗೆ ಬೇಕು?

ಹಳೇಮೌಸ್: ಎಲ್ಲರೂ ಒಂದನ್ನು ಬಿಟ್ಟಿದ್ದೀರಿ: ಭಯ. ಮೊದಲ ಡಯಾಬ್ಲೊದ ಆ ಎರಡನೇ ಅಂತಸ್ತಿನಲ್ಲಿ ಇದ್ದದ್ದು ಬುಚರ್ ಅನ್ನುವ ಕಟುಕ ರಾಕ್ಷಸ. ಚರ್ಚ್ ಬಾಗಿಲಲ್ಲೇ ಗಾಯಗೊಂಡ ಒಬ್ಬ ಅವನ ಬಗ್ಗೆ ಎಚ್ಚರಿಸಿ ಪ್ರಾಣ ಬಿಡುತ್ತಾನೆ. ಕೆಳಗಿಳಿದು ಬಾಗಿಲು ತೆರೆದರೆ ಕೋಣೆ ತುಂಬ ರಕ್ತ, ಕತ್ತರಿಸಿದ ಹೆಣ. ಅವನು ಬೆನ್ನು ಹತ್ತುತ್ತಾನೆ, ನಮಗೋ ಓಡುವ ಸೌಲಭ್ಯವೇ ಇಲ್ಲ, ನಡೆಯಬೇಕು. ಮೊದಲ ಸಲ ಕೈ ಬೆವೆತು ಮೌಸ್ ಜಾರಿತ್ತು. 2023ರಲ್ಲಿ ಡಯಾಬ್ಲೊ 4 ಬಂದಾಗ ನನ್ನ ಲೆವೆಲ್ ಏರಿದ ಹಾಗೆ ರಾಕ್ಷಸರ ಲೆವೆಲ್ಲೂ ಏರುತ್ತಿತ್ತು. ಹೆದರಿ ಬಿಟ್ಟು ಬಂದು, ಬಲ ಬೆಳೆಸಿಕೊಂಡು ಮತ್ತೆ ಹೋಗಿ ಸೇಡು ತೀರಿಸಿಕೊಳ್ಳುವ ಜಾಗವೇ ಉಳಿಯಲಿಲ್ಲ.

ಕತ್ತಿವರಸೆ: ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನಗೆ ನೆನಪಿರುವುದೂ ಅದೇ ಕೋಣೆ. ಏಟಿನದೇ ಮಾತಾಗಿದ್ದರೆ ಉಳಿದ ಹದಿನೈದು ಅಂತಸ್ತುಗಳೂ ನೆನಪಿರಬೇಕಿತ್ತು.

ಗವಿಯೊಳಗೆ: ಹಳೇಮೌಸ್, ಅವನನ್ನು ಕೊಂದಾಗ ಬಿದ್ದ ಕೊಡಲಿ ಏನಾಯಿತು? ಮಾರಿದಿರಾ?

ಹಳೇಮೌಸ್: ಛೇ, ಇಲ್ಲ. ಬೇಗ ಸವೆಯುತ್ತೆ, ಬಳಸಿದ್ದೂ ಕಡಿಮೆ. ಆ ಆಟದಲ್ಲಿ ತೆಗೆದಿಡಲು ಪೆಟ್ಟಿಗೆ ಇಲ್ಲವಲ್ಲ, ಆಟದ ಊರಾದ ಟ್ರಿಸ್ಟ್ರಮ್‌ನ ಬಾವಿ ಪಕ್ಕ ನೆಲದ ಮೇಲೆ ಇಟ್ಟಿದ್ದೆ. ಪ್ರತಿ ಸಲ ಊರಿಗೆ ಬಂದಾಗ ಒಮ್ಮೆ ನೋಡಿಕೊಂಡು ಹೋಗುತ್ತಿದ್ದೆ.